ಉತ್ತರದ ಗೋಡೆಯ ಕಡೆ

1876, ಜನವರಿ 16, ಭಾನುವಾರ

ಮಹಾಜನರೇ! ಬ್ರಾಮ್‌ಸ್ಟೆಡ್ ಗ್ರಾಮದ ಗಂಡಸರೇ, ಹೆಂಗಸರೇ, ಹಿಂದಿನ ಬೆಂಚಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುವ ರೈತ ಮಹನೀಯರೇ! ಸದ್ದು, ಸದ್ದು! ಪರದೆ ಏಳುತ್ತಿದೆ. ರಂಗಕ್ಕೆ ಬರುತ್ತಿರುವವನು ಇನಾಕ್ ಪೆಟಿಂಗಿಲ್. ಈ ಊರ ಚರ್ಚಿನ ಕ್ಲರ್ಕು, ಗಂಟೆ ಬಾರಿಸುವವನು, ಗುಂಡಿ ತೋಡುವವನು, ಸಫಕ್ ಜಿಲ್ಲೆಯಲ್ಲೆಲ್ಲ ಹೆಸರಾದ ಆಮೆನ್‌ನ ಒಡೆಯ!

ಸದ್ಯಕ್ಕೆ ಸಭೆಯಲ್ಲಿರುವುದು ಒಲೆಯ ಮುಂದಿನ ಬೆಕ್ಕು ಮತ್ತು ಕಾಲುಚೀಲ ಹೆಣೆಯುತ್ತಿರುವ ನನ್ನ ಹೆಂಡತಿ ಕೆಜಾಯಾ.

"ಯಾರ್ ಮೇಲೆ ಕೂಗಾಡ್ತಿದೀಯ ಮುದುಕಾ?" ಎಂದಳು.

"ಬರೀತಿದೀನಿ ಕಣೇ."

"ಬರೆಯೋಕೂ ಬಾಯಿ ಬೇಕಾ ನಿಂಗೆ?"

ಬೇಕು. ನಮ್ಮಪ್ಪ ಊರೂರು ತಿರುಗುವ ನಾಟಕದವರ ಜೊತೆ ದೀಪದ ಬತ್ತಿ ಕತ್ತರಿಸಿಕೊಂಡಿದ್ದವನು. ಕಣಜದ ಕೊಟ್ಟಿಗೆಗಳಲ್ಲಿ ರಾಜರು ಸಾಯುವುದನ್ನು ನೋಡುತ್ತ ನಾನು ಬೆಳೆದೆ. ಕೊನೆಯ ಬೆಂಚಿನ ಕಿವುಡನಿಗೂ ಕೇಳಬೇಕು, ಇಲ್ಲವಾದರೆ ಅದು ಮಾತೇ ಅಲ್ಲ.

ನಮ್ಮ ಚರ್ಚಿನ ಪೀಠ ಮೂರು ಅಂತಸ್ತಿನದು. ಮೇಲಿನ ಅಂತಸ್ತಿನಲ್ಲಿ ಪಾದ್ರಿಗಳು ಉಪದೇಶ ಮಾಡುತ್ತಾರೆ. ನಡುವಿನದರಲ್ಲಿ ಪ್ರಾರ್ಥನೆ ಓದುತ್ತಾರೆ. ಕೆಳಗಿನದು ನನ್ನದು. ಅವರ ಪ್ರಾರ್ಥನೆ ಮುಗಿಯಿತೋ, ಇಡೀ ಊರಿನ ಪರವಾಗಿ ನಾನು ಎದ್ದು ಆಮೆನ್ ಎನ್ನುತ್ತೇನೆ. ತೊಲೆಯ ಮೇಲಿನ ಪಾರಿವಾಳ ಹಾರುತ್ತದೆ. ನಾನು ಅನ್ನುವವರೆಗೆ ಪ್ರಾರ್ಥನೆ ಮೇಲಕ್ಕೆ ಹೋಗುವುದಿಲ್ಲ, ಚಾವಣಿಯಲ್ಲೇ ಕಾಯುತ್ತಿರುತ್ತದೆ. ಇದು ನನ್ನ ಅಭಿಪ್ರಾಯ, ಹೊಸ ಪಾದ್ರಿಗಳದ್ದಲ್ಲ. ರೆವರೆಂಡ್ ಸೆಲ್ವಿನ್ ಹಾರ್ಗೇಟ್ ಆಕ್ಸ್‌ಫರ್ಡಿನಲ್ಲಿ ಕಲಿತು ಬಂದವರು, ಇನ್ನೂ ಮೂವತ್ತು ತುಂಬಿಲ್ಲ. ಹಳೆಯ ಪಾದ್ರಿ ಉಪದೇಶವನ್ನು ಬೇಗ ಮುಗಿಸಿ ನರಿಬೇಟೆಗೆ ಹೋಗುತ್ತಿದ್ದರು. ಇವರು ಉಪವಾಸ ಮಾಡುತ್ತಾರೆ, ಬಡವರ ಮನೆಗೆ ಸೂಪು ಹೊತ್ತುಕೊಂಡು ಹೋಗುತ್ತಾರೆ, ದೇವರ ಮೇಜಿನ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ಈಸ್ಟರ್ ಆದ ಮೇಲೆ ಮೂರಂತಸ್ತಿನ ಪೀಠ ಕೀಳಿಸುತ್ತಾರಂತೆ. ಬಿಳಿ ನಿಲುವಂಗಿ ತೊಟ್ಟ ಹುಡುಗರ ಮೇಳ ಬರುತ್ತದಂತೆ. ನನ್ನ ಬಾಯಿಗೆ ಬೀಗ.

ಆದರೆ ಇವತ್ತಿನ ಅವರ ಉಪದೇಶ ಕೇಳಿ ಅದೆಲ್ಲ ಮರೆತೆ. ದೀಕ್ಷಾಸ್ನಾನದ ಮೇಲೆ ಮಾತಾಡಿದರು. ಆ ನೀರೇ ಬಾಗಿಲು, ಅದನ್ನು ದಾಟದವನು ಚರ್ಚಿಗೆ ಪರಕೀಯ, ಬದುಕಿದ್ದಾಗಲೂ ಸತ್ತ ಮೇಲೂ. ಕೂಸಿಗೆ ನೀರು ಮುಟ್ಟಿಸದ ತಂದೆ ಅದನ್ನು ಬೀದಿಯಲ್ಲಿ ಬಿಟ್ಟ ಹಾಗೆ. ಕೊನೆಯ ಪ್ರಾರ್ಥನೆಗೆ ನಾನು ಎದ್ದು ಹೇಳಿದ ಆಮೆನ್ ಇದೆಯಲ್ಲ, ಮಹಾಜನರೇ, ಕಿಟಕಿಯ ಗಾಜು ನಡುಗಿತು! ಎಲ್ಲರೂ ತಿರುಗಿ ನೋಡಿದರು. ನನ್ನನ್ನಲ್ಲ, ಹಿಂದಿನ ಬೆಂಚಿನಲ್ಲಿದ್ದ ನನ್ನ ಮಗಳು ಥಿರ್ಜಾಳನ್ನು. ಅವಳ ತೊಡೆಯ ಮೇಲೆ ಎರಡು ವರ್ಷದ ಡಾರ್ಕಸ್. ಆ ಮಗುವಿಗೆ ಇನ್ನೂ ನೀರು ಮುಟ್ಟಿಲ್ಲ. ಅದರ ಅಪ್ಪ, ಆ ಬಂಡಿಗಾಲಿಯ ಬಡಗಿ, ಬುದ್ಧಿ ಬಂದವರಿಗೆ ಮಾತ್ರ ಆ ನೀರು ಎನ್ನುವ ಬ್ಯಾಪ್ಟಿಸ್ಟರ ಪೈಕಿ.

ನೋಡಲಿ. ನೋಡಿದರೆ ತಾನೇ ನಾಟಕ.

ಜನವರಿ 19

ಬಡಗಿಯ ಅಂಗಡಿಗೆ ಹೋಗಿ ಒಂದು ದೃಶ್ಯ ಆಡಿಬಂದೆ. ಏಮಸ್ ಲಾರ್ಟರ್ ಚಕ್ರದ ಅರ ಕೆತ್ತುತ್ತಿದ್ದ, ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲೇ ನಿಂತು ಕೈಯೆತ್ತಿ ಶುರುಮಾಡಿದೆ.

"ಬಾಗ್ಲು ಮುಚ್ಕೊಂಡು ಒಳಗೆ ಬಂದು ಬೈರಿ ಮಾವ, ಚಳಿ ಬರ್ತಿದೆ," ಎಂದ.

"ಮಗೂಗೆ ದೀಕ್ಷಾಸ್ನಾನ ಯಾವಾಗ ಮಾಡಿಸ್ತೀಯ?"

"ಅವಳು ಕೇಳಿದಾಗ. ನಂಬಿಕೆ ಅಂದ್ರೇನು ಅಂತ ಬಾಯಿಬಿಟ್ಟು ಹೇಳೋ ವಯಸ್ಸು ಬರ್ಲಿ. ಅವಳೇ ಹೊಳೆಗೆ ಇಳೀತಾಳೆ, ನಾನು ಇಳಿದ ಹಾಗೆ."

"ಅಷ್ಟರೊಳಗೆ ಏನಾದ್ರೂ ಆದ್ರೆ?"

"ದೇವ್ರಿಗೆ ಅವಳ ಗುರ್ತಿದೆ ಮಾವ. ಪುಸ್ತಕದಲ್ಲಿ ಹೆಸರು ಹುಡುಕಿ ಒಳಗೆ ಬಿಡೋಕೆ ಅವನೇನು ಸುಂಕದ ಕಟ್ಟೆಯವನಾ?"

ಸಿಡಿದು ಹೊರಬಂದೆ. ಬಾಗಿಲನ್ನು ಬಡಿದು ಮುಚ್ಚಬೇಕೆಂದಿದ್ದೆ. ಅವನು ಮಾಡಿದ ಬಾಗಿಲು, ಸದ್ದೇ ಮಾಡಲಿಲ್ಲ.

ಅವನ ಜನರ ಪ್ರಾರ್ಥನೆ ಕೊಳದ ದಾರಿಯ ತಗಡಿನ ಮನೆಯಲ್ಲಿ. ಊರಿನ ಅರ್ಧ ಜನ ಈಗ ಅಲ್ಲಿಗೇ. ಆದರೆ ತಗಡಿನ ಮನೆಗೆ ಸ್ಮಶಾನವಿಲ್ಲ. ಹಾಡುವುದು ಎಲ್ಲಿಯಾದರೂ ಆಗಲಿ, ಸತ್ತ ಮೇಲೆ ಎಲ್ಲರೂ ನಮ್ಮ ಚರ್ಚಿನ ಅಂಗಳಕ್ಕೆ, ನನ್ನ ಗುದ್ದಲಿಯ ಕೆಳಗೇ ಬರಬೇಕು. ಇದನ್ನು ಅವನಿಗೆ ಹೇಳಿಬರಬೇಕಿತ್ತು. ಒಳ್ಳೆಯ ಮಾತು. ದಾರಿಯಲ್ಲಿ ಹೊಳೆಯಿತು.

ಜನವರಿ 30, ಭಾನುವಾರ

ಥಿರ್ಜಾ ಚರ್ಚಿಗೆ ಬಂದಿರಲಿಲ್ಲ. ಹೋದ ವಾರವೂ ಇಲ್ಲ.

"ಬರ್ತಾಳಾ ಮತ್ತೆ?" ಎಂದಳು ಕೆಜಾಯಾ. "ಇಡೀ ಊರೆದುರಿಗೆ ಮಗಳ ತಲೆ ಮೇಲೆ ಆಮೆನ್ ಎತ್ತಿಹಾಕಿದೆಯಲ್ಲ."

"ಪ್ರಾರ್ಥನೆಗೆ ಆಮೆನ್ ಅನ್ನೋದು ನನ್ನ ಕೆಲಸ."

"ಮೆತ್ತಗೆ ಅನ್ನಬಹುದಿತ್ತು."

ಮೆತ್ತಗೆ! ಸಭಿಕರೇ, ಹೆಂಗಸರು ರಂಗಭೂಮಿಯನ್ನು ಅರ್ಥಮಾಡಿಕೊಳ್ಳುವುದೇ ಇಲ್ಲ.

ಪಾದ್ರಿಗಳು ಪೇಟೆಯಿಂದ ಬಡಗಿಗಳನ್ನು ಕರೆಸಿ ಪೀಠದ ಅಳತೆ ತೆಗೆಸಿದರು. ನನ್ನ ಕೆಳ ಅಂತಸ್ತಿನ ಮರ ಒಳ್ಳೆಯ ಓಕ್ ಅಂತೆ, ಬೀರು ಮಾಡಬಹುದಂತೆ.

ಫೆಬ್ರವರಿ 4

ಗಂಟಲಮಾರಿ ಬಂದಿದೆ, ಮಕ್ಕಳ ಉಸಿರು ಕಟ್ಟಿಸುವ ಕಾಯಿಲೆ. ಕೊಳದ ದಾರಿಯಲ್ಲಿ ಮೊದಲು, ಈಗ ಗಿರಣಿಯ ಸಾಲಿನಲ್ಲಿ. ಕುರುಬನ ಇಬ್ಬರು ಮಕ್ಕಳು ಒಂದೇ ವಾರದಲ್ಲಿ ಹೋದರು. ದಕ್ಷಿಣದ ಬಿಸಿಲು ಕಡೆ, ಅವರಜ್ಜಿಯ ಪಕ್ಕದಲ್ಲಿ ಗುಂಡಿ ತೋಡಿದೆ. ನೆಲ ಹಿಮಗಟ್ಟಿದೆ, ಮೇಲಿನ ಒಂದು ಗೇಣು ಹಾರೆಗೂ ಬಗ್ಗುವುದಿಲ್ಲ. ಪಾದ್ರಿಗಳು ಸಂಸ್ಕಾರದ ಮಾತುಗಳನ್ನು ಚೆನ್ನಾಗಿ ಓದಿದರು. ಆ ಮಾತುಗಳಲ್ಲಿ ಏನೋ ಇದೆ. ಕುರುಬನ ಹೆಂಡತಿ ಅಲ್ಲಿಯವರೆಗೆ ಹುಚ್ಚಿಯ ಹಾಗಿದ್ದವಳು ಓದು ಮುಗಿದ ಮೇಲೆ ಮನೆಗೆ ನಡೆದುಹೋದಳು.

ನನ್ನ ಆಮೆನ್ ಗಾಳಿಗೆ ಸಿಕ್ಕಿ ಹೋಯಿತು. ತೆರೆದ ಬಯಲಿನಲ್ಲಿ ಧ್ವನಿ ನಿಲ್ಲುವುದಿಲ್ಲ.

ಫೆಬ್ರವರಿ 8

ಡಾರ್ಕಸ್‌ಗೆ ಜ್ವರ. ಗಂಟಲಲ್ಲಿ ಬಿಳಿ ಪೊರೆ. ಏಮಸ್ ಕುದುರೆ ಸಾಲ ತಂದು ಪೇಟೆಯ ವೈದ್ಯರನ್ನು ಕರೆತರಲು ಹೋಗಿದ್ದಾನೆ. ನಾಳೆ ನಾನೂ ಕೆಜಾಯಾಳೂ ಅಲ್ಲೇ ಇರುತ್ತೇವೆ.

ಫೆಬ್ರವರಿ 9

ಡಾರ್ಕಸ್ ಹೋದಳು.

ಫೆಬ್ರವರಿ 10, ಗುರುವಾರ

ಬರೆಯಬೇಕು. ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಮಗುವಿನ ಉಸಿರು ಗರಗಸದ ಸದ್ದಿನಂತೆ ಆಗಿತ್ತು. ಏಮಸ್ ಇನ್ನೂ ಬಂದಿರಲಿಲ್ಲ; ಪೇಟೆಯಲ್ಲೂ ಕಾಯಿಲೆ, ವೈದ್ಯರು ಮನೆಯಿಂದ ಮನೆಗೆ ಓಡುತ್ತಿದ್ದರಂತೆ. ಕೆಜಾಯಾ ಮಗುವಿನ ಮುಖ ನೋಡಿದಳು. ಒಳಗೆ ಹೋಗಿ ಒಂದು ಬಟ್ಟಲಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟಳು.

"ಹಾಕು," ಎಂದಳು. "ತಲೆಗೆ ನೀರು ಹಾಕಿ ಆ ಮಾತು ಹೇಳು. ಯಾರು ಬೇಕಾದ್ರೂ ಹೇಳಬಹುದು, ಪ್ರಾಣ ಹೋಗೋ ಹೊತ್ತಲ್ಲಿ. ಸೂಲಗಿತ್ತೀರು ಹೇಳ್ತಾರೆ. ನೀನು ಸಾವಿರ ಸಲ ಕೇಳಿದೀಯ."

ನಾನು ಥಿರ್ಜಾಳ ಕಡೆ ನೋಡಿದೆ. ಅವಳ ಗಂಡ ಇದನ್ನು ಒಪ್ಪುವವನಲ್ಲ. ಅವಳು ಮಗುವಿನ ಮೇಲಿಂದ ಕಣ್ಣು ತೆಗೆಯದೆ, "ಹಾಕಪ್ಪ. ಏಮಸ್‌ಗೆ ನಾನು ಹೇಳ್ತೀನಿ," ಎಂದಳು.

ಬಟ್ಟಲು ನನ್ನ ಕೈಯಲ್ಲಿತ್ತು. ಮಾತುಗಳು ನನಗೆ ಗೊತ್ತಿದ್ದವು, ಉಗುರಿನ ಹಾಗೆ ಗೊತ್ತಿದ್ದವು. ಬಾಯಿ ತೆರೆದೆ. ಬರಲಿಲ್ಲ. ಅದು ಪಾದ್ರಿಗಳ ಮಾತು. ಅವರು ಹೇಳಬೇಕು, ನಾನು ಆಮೆನ್ ಎನ್ನಬೇಕು. ಇಷ್ಟು ಕಾಲ ಹಾಗೆಯೇ ನಡೆದಿದೆ. ನಮ್ಮಪ್ಪನ ನಾಟಕದವರಲ್ಲಿ ಇನ್ನೊಬ್ಬನ ಮಾತನ್ನು ಎತ್ತಿಕೊಂಡವನನ್ನು ಆ ರಾತ್ರಿಯೇ ಓಡಿಸುತ್ತಿದ್ದರು. ನಾನು ನಿಂತೇ ಇದ್ದೆ, ಯಾರೋ ಮೊದಲ ಮಾತು ಶುರುಮಾಡಲಿ ಎಂದು ಕಾಯುವವನ ಹಾಗೆ.

"ಪಾದ್ರಿಗಳನ್ನ ಕರ್ಕೊಂಡು ಬರ್ತೀನಿ," ಎಂದೆ.

"ಮುದುಕಾ!" ಎಂದು ಕೆಜಾಯಾ ಕೂಗಿದ್ದು ಬೀದಿಯವರೆಗೆ ಕೇಳಿಸಿತು.

ಓಡಿದೆ. ಪಾದ್ರಿಗಳು ಊಟಕ್ಕೆ ಕೂತಿದ್ದರು. ನನ್ನನ್ನು ನೋಡಿ ಏನೂ ಕೇಳಲಿಲ್ಲ, ಟೋಪಿ ಇಲ್ಲದೆ, ಕೋಟಿಲ್ಲದೆ ಎದ್ದು ಓಡಿಬಂದರು, ನನಗಿಂತ ಜೋರಾಗಿ. ಇದನ್ನು ಬರೆದಿಡಬೇಕು. ಅವರು ತಡಮಾಡಲಿಲ್ಲ.

ನಾವು ಒಳಗೆ ಹೋದಾಗ ಕೆಜಾಯಾ ಮಗುವಿನ ಗದ್ದಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಬಟ್ಟಲು ನಾನಿಟ್ಟಲ್ಲೇ ಕಿಟಕಿಯ ಮೇಲಿತ್ತು.

"ನೀನ್ಯಾಕೆ ಹಾಕ್ಲಿಲ್ಲ?" ಎಂದು ನಾನು ಕೆಜಾಯಾಳನ್ನು ಕೇಳಿದೆ. ಎಂಥ ಪ್ರಶ್ನೆ.

"ಮಾತು ಅರ್ಧ ಬಂತು, ಅರ್ಧ ಬರ್ಲಿಲ್ಲ," ಎಂದಳು. "ನನ್ನ ಬದಲು ಹೇಳೋಕೆ ನೀನಿದ್ದೆಯಲ್ಲ ಯಾವಾಗ್ಲೂ."

ಇವತ್ತು ಬೆಳಗ್ಗೆ ಪಾದ್ರಿಗಳು ನನ್ನನ್ನು ತಮ್ಮ ಓದುವ ಕೋಣೆಗೆ ಕರೆಸಿದರು. ರಾತ್ರಿಯೆಲ್ಲ ಮಲಗಿದ ಹಾಗಿರಲಿಲ್ಲ. ಮೇಜಿನ ತುಂಬ ದಪ್ಪ ಪುಸ್ತಕಗಳು ತೆರೆದುಕೊಂಡಿದ್ದವು.

"ಪೆಟಿಂಗಿಲ್, ನೀನು ಮಗುವಿನ ಹತ್ತಿರ ಇದ್ದೆ. ನೀರು ಇತ್ತು. ಯಾರಾದರೂ ಹಾಕಿದರಾ? ಯಾರಾದ್ರೂ ಸರಿ, ಹೆಂಗಸಾದ್ರೂ ಸರಿ. ನೀರು ಬಿದ್ದು ಮಾತು ಪೂರ್ತಿಯಾಗಿದ್ರೆ ಅದು ದೀಕ್ಷಾಸ್ನಾನವೇ. ನಾನು ಪೂರ್ತಿ ಸಂಸ್ಕಾರ ಓದಬಹುದು. ಮರೆತುಹೋಗಿರಬಹುದು, ಗಾಬರೀಲಿ. ಚೆನ್ನಾಗಿ ಯೋಚಿಸು."

ಅವರು ನನ್ನ ಮುಖವನ್ನು ನೋಡುತ್ತಿರಲಿಲ್ಲ. ನಾನು ಹೂಂ ಎಂದರೆ ಸಾಕು, ಇನ್ನೊಂದು ಪ್ರಶ್ನೆ ಕೇಳುವವರಲ್ಲ.

"ಹೂಂ ಅನ್ನದಿದ್ರೆ, ಸ್ವಾಮಿ?"

"ಅನ್ನದಿದ್ರೆ ನನ್ನ ಕೈ ಕಟ್ಟಿದೆ. ಮಣ್ಣು ಕೊಡೋ ಹಕ್ಕನ್ನ ನಾನು ತಪ್ಪಿಸೋಕಾಗಲ್ಲ. ಉತ್ತರದ ಗೋಡೆಯ ಕಡೆ, ಜನ ಏಳೋಕೆ ಮುಂಚೆ. ಗಂಟೆ ಇಲ್ಲ, ಮಾತಿಲ್ಲ. ನಾನೂ ಓದಕೂಡದು. ಅಂಗಳದೊಳಗೆ ಇನ್ನ್ಯಾರೂ ಓದಕೂಡದು, ಅವರ ಸಭೆಯ ಬೋಧಕನೂ. ಕಾನೂನು ಹಾಗಿದೆ. ಲಂಡನ್ನಿನಲ್ಲಿ ಅದನ್ನ ಬದಲಾಯಿಸಬೇಕು ಅಂತ ವಾದ ನಡೀತಿದೆ. ಬದಲಾದ ದಿನ ನಮ್ಮ ಚರ್ಚು ಒಂದು ಛತ್ರ ಆಗಿಹೋಗುತ್ತೆ, ಬಂದೋರೆಲ್ಲ ಇಳ್ಕೊಳ್ಳೋಕೆ." ತೆರೆದ ಪುಸ್ತಕದ ಒಂದು ಪುಟ ತಿರುಗಿಸಿದರು. "ಬಾಗಿಲು ಅಂದ್ಮೇಲೆ ಅದಕ್ಕೊಂದು ಒಳಗು, ಒಂದು ಹೊರಗು ಇರಲೇಬೇಕಲ್ಲ, ಪೆಟಿಂಗಿಲ್."

ಸಂಜೆಯವರೆಗೆ ಸಮಯ ಕೇಳಿ ಮಗಳ ಮನೆಗೆ ಬಂದೆ.

ಕೆಜಾಯಾ, "ಹೂಂ ಅಂದುಬಿಡು. ಯಾರಿಗೆ ನಷ್ಟ?" ಎಂದಳು. ಥಿರ್ಜಾ ನನ್ನ ತೋಳು ಹಿಡಿದುಕೊಂಡಳು, ಬೆರಳಿನ ಗುರುತು ಬೀಳುವಷ್ಟು. "ಮಾತಿಲ್ಲದೆ ಮಣ್ಣು ಹಾಕ್ಬೇಡಪ್ಪ," ಎಂದಳು ಆಮೇಲೆ. "ಸತ್ತ ನಾಯಿಗೆ ಹಾಕೋ ಹಾಗೆ."

ಏಮಸ್ ಒಳಕೋಣೆಯಿಂದ ಬಂದ. ಅವನು ವೈದ್ಯರೊಡನೆ ಮನೆ ಮುಟ್ಟಿದ್ದು ನಿನ್ನೆ ಕತ್ತಲಾದ ಮೇಲೆ. ಕೈಯಲ್ಲಿ ಉಜ್ಜುಗೊರಡು, ಮಗುವಿನ ಪೆಟ್ಟಿಗೆ ಮಾಡುತ್ತಿದ್ದ.

"ಸುಳ್ಳು ಹೇಳಬೇಡಿ ಮಾವ."

"ಮಗೂಗೋಸ್ಕರ ಕಣಯ್ಯ."

"ಗೊತ್ತು. ನೀವು ಹೂಂ ಅಂದ್ರೆ ಅವಳಿಗೆ ಬಿಸಿಲು ಕಡೆ ಜಾಗ ಸಿಗುತ್ತೆ. ಪಾದ್ರಿ ಓದ್ತಾನೆ. ಎಲ್ಲಾ ಚೆನ್ನಾಗಿರುತ್ತೆ. ಆದ್ರೆ ಪಾದ್ರಿ ಓದೋದು ಅವಳಿಗಲ್ಲ, ನೀವು ಹೇಳಿದ ಸುಳ್ಳಿಗೆ. ಇದ್ದ ಹಾಗೆ ಅವಳು ಬೇಡ ಅವರಿಗೆ." ಉಜ್ಜುಗೊರಡಿಗೆ ಅಂಟಿದ ಮರದ ಸಿಪ್ಪೆಯನ್ನು ತೆಗೆಯುತ್ತ ನಿಂತ. "ಕಾನೂನು ಬದಲಾಗುತ್ತಂತಲ್ಲ. ಅಲ್ಲೀವರೆಗೆ ಅವಳನ್ನ ಎಲ್ಲಿಡ್ಲಿ ನಾನು?"

ಅವನು ಬೈಯುತ್ತಾನೆ, ನೀವು ಪಾದ್ರಿಯನ್ನು ಕರೆತರಲು ಓಡಿದಿರಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ. ನನಗೊಂದು ಬಟ್ಟಲು ಚಹ ತಂದುಕೊಟ್ಟ. ಸಕ್ಕರೆ ಹಾಕಿದ್ದ; ನನಗೆ ಎರಡು ಚಮಚ ಬೇಕೆಂಬುದು ಅವನಿಗೆ ಹೇಗೆ ಗೊತ್ತೋ.

ಸಂಜೆ ಹೋಗಿ ಪಾದ್ರಿಗಳಿಗೆ ಇಲ್ಲ ಎಂದೆ. ಯಾರೂ ನೀರು ಹಾಕಲಿಲ್ಲ. ಅವರು ಮೇಜಿನ ಮೇಲಿನ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿದರು. ಆಮೇಲೆ ಅಂಗಳದ ಗೇಟಿನ ಕೀಲಿಕೈ ಕೊಟ್ಟರು. ಮಣ್ಣು ಶನಿವಾರ ಬೆಳಗ್ಗೆ, ಎಂದರು. ಪೆಟ್ಟಿಗೆ ಒಳಗೆ ಬಂದ ಮೇಲೆ ಬೀಗ ಹಾಕಬೇಕು. ತಂದೆ, ತಾಯಿ ಮಾತ್ರ ಒಳಗೆ. ತಗಡಿನ ಮನೆಯವರು ರಸ್ತೆಯಲ್ಲಿ ನಿಂತು ಏನು ಬೇಕಾದರೂ ಹಾಡಿಕೊಳ್ಳಲಿ.

"ನೀನೂ ಅಲ್ಲಿರ್ತೀಯ. ಗುಂಡಿ ಮುಚ್ಚೋಕೆ," ಎಂದರು. "ನಾನು ನನ್ನ ಕೋಣೇಲಿ ಪ್ರಾರ್ಥನೆ ಮಾಡ್ತೀನಿ. ಅದನ್ನ ಯಾವ ಕಾನೂನೂ ತಡೆಯೋಕಾಗಲ್ಲ."

ಬಾಗಿಲ ತನಕ ಬಂದು ಬಿಟ್ಟುಹೋದರು. ಹಿಂದೆಂದೂ ಬಂದವರಲ್ಲ.

ಫೆಬ್ರವರಿ 11, ಶುಕ್ರವಾರ

ಗುಂಡಿ ತೋಡಿದೆ. ಚಿಕ್ಕದು. ಆದರೂ ಮಧ್ಯಾಹ್ನದವರೆಗೆ ಹಿಡಿಯಿತು. ಉತ್ತರದ ಗೋಡೆಯ ನೆರಳಿನಲ್ಲಿ ಹಿಮ ಕರಗುವುದಿಲ್ಲ, ಜೇಡಿಮಣ್ಣು ಸನಿಕೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ಕಲ್ಲುಗಳಿಲ್ಲ. ಹುಟ್ಟುತ್ತಲೇ ಸತ್ತ ಕೂಸುಗಳು, ಗಿರಣಿಯ ಕಾಲುವೆಗೆ ಹಾರಿಕೊಂಡ ಹುಡುಗಿ, ಯಾರೆಂದು ಗೊತ್ತಿಲ್ಲದ ಒಬ್ಬ ಅಲೆಮಾರಿ. ಅವರನ್ನೆಲ್ಲ ಇಳಿಸಿದವನು ನಾನೇ. ಯಾವುದು ಎಲ್ಲಿ ಎಂದು ಸನಿಕೆ ಹಾಕಿದಾಗ ನೆನಪಾಯಿತು. ಅವರನ್ನು ಇಳಿಸಿದ ದಿನಗಳಲ್ಲಿ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದ್ದೂ ನೆನಪಾಯಿತು.

ಏಮಸ್ ಬಂದ. ನನ್ನ ಕೈಯಿಂದ ಹಾರೆ ತೆಗೆದುಕೊಂಡು ಕೊನೆಯ ಭಾಗ ಅವನೇ ತೋಡಿದ. ಮುಗಿದ ಮೇಲೆ ಒಳಗಿಳಿದು, ಬದಿಗಳನ್ನು ಅಂಗೈಯಲ್ಲಿ ಸವರಿ ನುಣುಪು ಮಾಡಿದ.

"ಏಮಸ್," ಎಂದೆ. "ಚರ್ಚಿನ ಸಂಸ್ಕಾರದ ಮಾತು ನಿಮ್ಮ ಜನಕ್ಕೆ ಬೇಡ, ಅಲ್ವಾ?"

"ನಂಗೆ ಬೇಡ ಮಾವ. ಥಿರ್ಜಾಗೆ ಬೇಕು. ಅವಳು ಆ ಮಾತಲ್ಲೇ ಬೆಳೆದೋಳು, ನಿಮ್ಮ ಬಾಯಿಂದ ಕೇಳ್ಕೊಂಡು."

"ಯಾರಾದ್ರೂ ಓದಿದ್ರೆ ನೀನು ತಡೀತೀಯಾ?"

ಅವನು ಗುಂಡಿಯಿಂದ ಮೇಲೆ ನೋಡಿದ. ತಲೆಯ ಮೇಲೆಲ್ಲ ಮಣ್ಣು.

"ಓದಿದೋನ ಕೆಲಸ ಹೋಗುತ್ತೆ," ಎಂದ. "ಮನೇನೂ. ಅದು ಚರ್ಚಿನ ಮನೆ. ಕೋರ್ಟಿಗೂ ಎಳೀಬಹುದು."

"ನಾನು ಕೇಳಿದ್ದು ಅದಲ್ಲ."

"ಸುಳ್ಳಿಲ್ಲದೆ ಓದಿದ್ರೆ," ಎಂದ, "ನಾನು ಟೋಪಿ ತೆಗೆದು ನಿಂತ್ಕೋತೀನಿ."

ಕೈ ಚಾಚಿದೆ. ಹಿಡಿದುಕೊಂಡು ಮೇಲೆ ಬಂದ.

ಮನೆಗೆ ಬಂದು, ನಾನೇ ಓದುತ್ತೇನೆಂದು ಕೆಜಾಯಾಳಿಗೆ ಹೇಳಿದೆ. ಅವಳು ಗೋಡೆ, ಒಲೆ, ತಟ್ಟೆಯ ಗೂಡು, ಎಲ್ಲವನ್ನೂ ಒಂದು ಸುತ್ತು ನೋಡಿದಳು. ಇಲ್ಲಿಗೆ ಅವಳು ಮದುವೆಯಾಗಿ ಬಂದವಳು.

"ನನ್ನ ತಂಗಿ ಮನೇಲಿ ಒಂದು ಕೋಣೆ ಇದೆ," ಎಂದಳು. "ಹೊಗೆ ತುಂಬ್ಕೊಳ್ಳುತ್ತೆ." ಒಂದು ತಟ್ಟೆಯನ್ನು ಗೂಡಿನೊಳಕ್ಕೆ ಸರಿಸಿ, "ಬಾಯಿ ಬರುತ್ತಾ ನಿಂಗೆ, ಈ ಸಲ?"

ಬರುತ್ತದೋ ಇಲ್ಲವೋ ಎಂದು ಸಂಜೆ ಇಳಿಜಾರಿನ ಹೊಲದ ಕಡೆ ಹೋಗಿ ನೋಡಿದೆ. ಮೊದಲ ವಾಕ್ಯ ಹೇಳಿದೆ. ಧ್ವನಿ ಒಡೆಯಿತು, ಸಣ್ಣದಾಯಿತು, ನನ್ನದಲ್ಲ ಎನಿಸಿತು. ಹತ್ತಿರದಲ್ಲಿ ಮೇಯುತ್ತಿದ್ದ ಕುರಿ ತಲೆಯನ್ನೂ ಎತ್ತಲಿಲ್ಲ. ಆದರೂ ಎರಡನೆಯ ವಾಕ್ಯ ಬಂತು, ಅದರ ಹಿಂದೆ ಮೂರನೆಯದು. ಕೊನೆಯವರೆಗೂ ಹೇಳಿದೆ. ಗುಂಡಿಯ ಬದಿಯಲ್ಲಿ ನಿಲ್ಲುವ ಥಿರ್ಜಾಳಿಗೆ ಕೇಳಿಸಿದರೆ ಸಾಕು.

ನಾಳೆ ಬೆಳಗ್ಗೆ, ಇನ್ನೂ ಬೆಳಕು ಹರಿಯುವ ಮೊದಲು, ಕಪ್ಪು ಕೋಟು ತೊಟ್ಟು ಹೋಗಿ ಗೇಟಿನ ಬೀಗ ತೆಗೆಯುತ್ತೇನೆ. ಮತ್ತೆ ಹಾಕುವುದಿಲ್ಲ. ರಸ್ತೆಯಲ್ಲಿ ನಿಂತ ಏಮಸನ ಜನರನ್ನು ಒಳಗೆ ಕರೆಯುತ್ತೇನೆ. ಪೆಟ್ಟಿಗೆ ಇಳಿಸಿದ ಮೇಲೆ ಮೊದಲ ಸಾಲಿನಿಂದ ಓದುತ್ತೇನೆ, ಮಗುವಿನ ಹೆಸರು ಹೇಳಿ, ಇದಕ್ಕೆ ನೀರು ಮುಟ್ಟಿಲ್ಲವೆಂದೂ ಹೇಳಿ. ಮಣ್ಣು ಮುಚ್ಚಿ, ಕೈ ತೊಳೆದುಕೊಂಡು, ಬೇರೆ ಯಾರೂ ಹೋಗಿ ಹೇಳುವ ಮೊದಲು ನಾನೇ ಪಾದ್ರಿಗಳ ಮನೆಗೆ ನಡೆದು ಕೀಲಿಕೈ ಅವರ ಮೇಜಿನ ಮೇಲಿಡುತ್ತೇನೆ. ಅದಕ್ಕೂ ಮೊದಲು ಥಿರ್ಜಾಳಿಗೆ ಏಮಸನ ದಪ್ಪ ಬೂಟು ಹಾಕಿಸಬೇಕು. ಗೋಡೆಯ ಪಕ್ಕದ ಹಿಮ ಬಹಳ ಜಾರುತ್ತದೆ.